ಕುದುರೆ ಜೊತೆ ಕಾಡಿನಲ್ಲಿ ನಾಲ್ಕು ರಾತ್ರಿ: ಕೊಲರಾಡೋದ ನ್ಯಾಷನಲ್ ಫಾರೆಸ್ಟ್‌ಗೆ ಹೊರಡುವ ಮೊದಲು

ಪ್ರಶ್ನೆ: ನಾವು ಡೆನ್ವರ್ ಪಕ್ಕದಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಮಗಳಿಗೆ ಕುದುರೆ ಅಂದರೆ ಪ್ರಾಣ. ಈಗ ನಮ್ಮದೇ ಎರಡು ಕುದುರೆಗಳಿವೆ, ಹೋದ ವರ್ಷ ಟ್ರೇಲರ್ ಕೂಡ ತೆಗೆದುಕೊಂಡೆವು. ಜುಲೈನಲ್ಲಿ ಇನ್ನೊಂದು ಕುಟುಂಬದ ಜೊತೆ ಸೇರಿ ಸಾನ್ ಹುವಾನ್ ನ್ಯಾಷನಲ್ ಫಾರೆಸ್ಟ್‌ಗೆ ಹೋಗಬೇಕು ಅಂತ ಇದ್ದೇವೆ. ಎಂಟು ಜನ, ನಾಲ್ಕು ಕುದುರೆ, ನಾಲ್ಕು ರಾತ್ರಿ. ಟ್ರೇಲರ್ ಪಕ್ಕದಲ್ಲೇ ಟೆಂಟ್ ಹಾಕಿ, ಹಗಲು ವೆಮಿನೂಚ್ ವೈಲ್ಡರ್‌ನೆಸ್ ಒಳಗೆ ಸವಾರಿ ಮಾಡುವ ಯೋಚನೆ. ಪರ್ಮಿಟ್ ಬೇಕಾ? ಕುದುರೆಯನ್ನು ಮರಕ್ಕೆ ಕಟ್ಟಬಹುದಾ? ಅಲ್ಲಿನ ಹುಲ್ಲು ಮೇಯಿಸಬಹುದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಈ ಬೆಟ್ಟಗಳಲ್ಲಿ ಕುದುರೆ, ಹೇಸರಗತ್ತೆ ಹಿಡಿದುಕೊಂಡು ಹದಿನೆಂಟು ವರ್ಷದಿಂದ ಓಡಾಡುತ್ತಿದ್ದೇನೆ. ಬೇಸಿಗೆಯಲ್ಲಿ ಕಾಡಿನ ದಾರಿ ರಿಪೇರಿ ಮಾಡುವ ಸ್ವಯಂಸೇವಕರಿಗೆ ಸಾಮಾನು ಹೊರಿಸಿಕೊಂಡು ಹೋಗುವುದು ನನ್ನ ಕೆಲಸ. ಆ ಅನುಭವದಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಯಮಗಳ ಪಟ್ಟಿ ಉದ್ದ ಕಾಣುತ್ತದೆ, ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ನಿಯಮಗಳು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ರಾತ್ರಿ ಹೊತ್ತು ಕುದುರೆ ಎಲ್ಲಿ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ?

ಹಗಲು ಕುದುರೆ ನಡೆಯುತ್ತಿರುತ್ತದೆ, ಅದರ ಭಾರ ಹತ್ತು ಮೈಲಿ ದಾರಿಗೆ ಹಂಚಿಹೋಗುತ್ತದೆ. ರಾತ್ರಿ ಅದೇ 450 ಕೆಜಿ ಪ್ರಾಣಿ ಒಂದೇ ಕಡೆ ಎಂಟು ಹತ್ತು ಗಂಟೆ ನಿಲ್ಲುತ್ತದೆ. ಬೇಜಾರಾಗುತ್ತದೆ, ಜೊತೆಗಾರ ಕಾಣದಿದ್ದರೆ ಗಾಬರಿಯಾಗುತ್ತದೆ, ಹಸಿವಾಗುತ್ತದೆ. ಆಗ ಮುಂಗಾಲಿನಿಂದ ನೆಲ ಕೆರೆಯುತ್ತದೆ. ಲಾಳ ಹೊಡೆದ ಗೊರಸು ಗುದ್ದಲಿ ಇದ್ದ ಹಾಗೆ. ಒಂದು ಸಲ ಹತ್ತು ಸಾವಿರ ಅಡಿ ಎತ್ತರದ ಒಂದು ಹಳೇ ಕ್ಯಾಂಪಿನಲ್ಲಿ ಸ್ಪ್ರೂಸ್ ಅನ್ನುವ ಸೂಜಿಎಲೆ ಮರ ನೋಡಿದೆ. ಬುಡದ ಸುತ್ತ ಮೊಣಕಾಲುದ್ದ ಹಳ್ಳ. ಬೇರುಗಳು ಮಣ್ಣಿಂದ ಹೊರಗೆ ಬಂದು, ಸಿಪ್ಪೆ ಸುಲಿದು, ಎಲುಬಿನ ಹಾಗೆ ಬಿಳಿಚಿಕೊಂಡಿದ್ದವು. ಎದೆಯ ಎತ್ತರದಲ್ಲಿ ಹಗ್ಗ ಉಜ್ಜಿ ತೊಗಟೆ ಸುತ್ತಲೂ ಕಿತ್ತುಹೋಗಿತ್ತು. ಮರಕ್ಕೆ ಊಟ ಸಾಗುವುದು ತೊಗಟೆಯ ಒಳಪದರದಲ್ಲಿ, ಅದು ಸುತ್ತ ಹರಿದರೆ ಮರ ಸತ್ತ ಹಾಗೇ. ಆ ಎತ್ತರದಲ್ಲಿ ಅಷ್ಟು ದಪ್ಪ ಬೆಳೆಯಲು ನೂರು ವರ್ಷಕ್ಕಿಂತ ಜಾಸ್ತಿ ಬೇಕು. ಕೆಡಿಸಲು ಕೆಲವೇ ರಾತ್ರಿ ಸಾಕು. ಇದನ್ನು ಕಣ್ಣಾರೆ ನೋಡಿದ ಮೇಲೆ ನಿಯಮಗಳು ನನಗೆ ಕಿರಿಕಿರಿ ಅನ್ನಿಸಿಲ್ಲ.

ಈಗ ನೆಲದ ವಿಷಯ. ಊರಲ್ಲಿ ರಿಸರ್ವ್ ಫಾರೆಸ್ಟ್ ಅಂದರೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ, ಅಲ್ವಾ? ಆ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಬಂದರೆ ಇಲ್ಲಿ ಗೊಂದಲವಾಗುತ್ತದೆ. ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳು 154, ಹುಲ್ಲುಗಾವಲುಗಳನ್ನೂ ಸೇರಿಸಿದರೆ ಸುಮಾರು 19.3 ಕೋಟಿ ಎಕರೆ. ನೋಡಿಕೊಳ್ಳುವುದು ಕೃಷಿ ಇಲಾಖೆಯ ಕೆಳಗಿನ ಫಾರೆಸ್ಟ್ ಸರ್ವಿಸ್. ಇಲ್ಲಿ ಬೇಡ ಅಂತ ಹೇಳದ ಕಡೆ ಉಳಿದುಕೊಳ್ಳಬಹುದು. ಕ್ಯಾಂಪ್‌ಗ್ರೌಂಡ್‌ನಿಂದ ಹೊರಗೆ ಬಯಲಲ್ಲಿ ಟೆಂಟ್ ಹಾಕುವುದಕ್ಕೆ ಹೆಚ್ಚಿನ ಕಡೆ ದುಡ್ಡೂ ಇಲ್ಲ, ಬುಕಿಂಗೂ ಇಲ್ಲ. ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನ ಮಿತಿ, ನಿಮ್ಮದು ನಾಲ್ಕು ರಾತ್ರಿ, ತೊಂದರೆ ಇಲ್ಲ. ನ್ಯಾಷನಲ್ ಪಾರ್ಕ್ ಬೇರೆ ಸಂಗತಿ. ಅದು ಒಳಾಡಳಿತ ಇಲಾಖೆಯದು, ಕುದುರೆ ಜೊತೆ ರಾತ್ರಿ ಉಳಿಯುವುದಕ್ಕೆ ಅಲ್ಲಿ ಬಿಗಿ ಜಾಸ್ತಿ. ನಿಮಗೆ ಒಬ್ಬೊಬ್ಬರು ಒಂದೊಂದು ಹೇಳಿದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು. ಒಬ್ಬರು ಪಾರ್ಕಿನ ನಿಯಮ ಹೇಳಿರುತ್ತಾರೆ, ಇನ್ನೊಬ್ಬರು ಫಾರೆಸ್ಟಿನದು.

ಇನ್ನರ್ಧ ಕಾರಣ, ಫಾರೆಸ್ಟ್ ಸರ್ವಿಸ್‌ನ ನಿಯಮಗಳು ಎರಡು ಅಂತಸ್ತಿನಲ್ಲಿವೆ. ಮೇಲೆ ಇಡೀ ದೇಶಕ್ಕೆ ಒಂದೇ ನಿಯಮಾವಳಿ. ಉದಾಹರಣೆಗೆ, ಕಟ್ಟಿಸಿದ ಕ್ಯಾಂಪ್‌ಗ್ರೌಂಡ್ ಒಳಗೆ ಕುದುರೆ ತರುವ ಹಾಗಿಲ್ಲ, ತರಬಹುದು ಅಂತ ಬೋರ್ಡ್ ಇದ್ದರೆ ಮಾತ್ರ ತರಬೇಕು. ಇದು ಎಲ್ಲ ಕಡೆ ಒಂದೇ. ಕೆಳಗಿನ ಅಂತಸ್ತಿನಲ್ಲಿ ಆಯಾ ಕಾಡಿನ ಅಧಿಕಾರಿ ಸಹಿ ಹಾಕಿದ ಆದೇಶಗಳು. ಎಷ್ಟು ಜನ ಹೋಗಬಹುದು, ನೀರಿನಿಂದ ಎಷ್ಟು ದೂರ ಕಟ್ಟಬೇಕು, ಯಾವ ಕೆರೆಯ ದಂಡೆಯಲ್ಲಿ ಉಳಿಯಬಾರದು, ಇದೆಲ್ಲ ಅದರಲ್ಲಿ ಬರುತ್ತದೆ. ಪಕ್ಕಪಕ್ಕದ ಎರಡು ಕಾಡುಗಳಲ್ಲಿ ಬೇರೆ ಬೇರೆ ಇರಬಹುದು, ವರ್ಷದಿಂದ ವರ್ಷಕ್ಕೆ ಬದಲಾಗಲೂಬಹುದು. ಹಾಗಂತ ಇವು ಸುಮ್ನೆ ಸಲಹೆಗಳಲ್ಲ. ಮುರಿದರೆ 5,000 ಡಾಲರ್ ವರೆಗೆ ದಂಡ, 6 ತಿಂಗಳ ವರೆಗೆ ಜೈಲು ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಆದ್ದರಿಂದ ಹೊರಡುವ ಎರಡು ವಾರ ಮೊದಲು ನೀವು ಹೋಗುವ ಜಾಗದ ರೇಂಜರ್ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ. ಡೆನ್ವರ್‌ನ ಆಫೀಸಿಗೆ ಕೇಳಿದರೆ ಸಾಲದು. ‘ನಾಲ್ಕು ಕುದುರೆ, ಎಂಟು ಜನ, ಇಂಥ ಟ್ರೇಲ್‌ಹೆಡ್, ಇಂಥ ದಿನ’ ಅಂತ ಹೇಳಿ. ಟ್ರೇಲ್‌ಹೆಡ್ ಅಂದರೆ ಗಾಡಿ ನಿಲ್ಲಿಸಿ ಕಾಡಿನ ದಾರಿ ಹಿಡಿಯುವ ಜಾಗ. ಜಾರಿಯಲ್ಲಿರುವ ಆದೇಶಗಳು ಏನೇನು ಅಂತ ಕೇಳಿ. ದೊಡ್ಡ ಟ್ರೇಲರ್ ತಿರುಗಿಸಲು ಅಲ್ಲಿ ಜಾಗ ಇದೆಯಾ ಅಂತಲೂ ಕೇಳಿ. ನಮ್ಮ ಗುಂಪಿನವರೊಬ್ಬರು ಇದನ್ನು ಕೇಳದೆ ಹೋಗಿ, ಕಡಿದಾದ ಮಣ್ಣಿನ ರಸ್ತೆಯಲ್ಲಿ ಅರ್ಧ ಮೈಲಿ ಟ್ರೇಲರನ್ನು ಹಿಂದಕ್ಕೆ ತೆಗೆದುಕೊಂಡು ಬರಬೇಕಾಯಿತು. ಒಳಗೆ ಕುದುರೆಗಳು ಒದೆಯುತ್ತಿದ್ದವು. ರಸ್ತೆಗೆ ಮೋಟರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಪುಕ್ಕಟೆ ನಕ್ಷೆ ಸಿಗುತ್ತದೆ. ಅದರಲ್ಲಿ ಇಲ್ಲದ ರಸ್ತೆಗೆ ಗಾಡಿ ಇಳಿಸುವ ಹಾಗಿಲ್ಲ. ಟೆಂಟ್ ಹಾಕಲು ರಸ್ತೆಯಿಂದ ಎಷ್ಟು ದೂರದ ವರೆಗೆ ಗಾಡಿ ತರಬಹುದು ಅನ್ನುವುದನ್ನೂ ಅದರಲ್ಲೇ ನೋಡಿಕೊಳ್ಳಿ.

ಪರ್ಮಿಟ್ ಬೇಕಾ ಅಂತ ಕೇಳಿದ್ದೀರಿ. ರಸ್ತೆ ಪಕ್ಕ ಬಯಲಲ್ಲಿ ಉಳಿಯಲು ನಿಮ್ಮಂಥ ಸಣ್ಣ ಗುಂಪಿಗೆ ಸಾಮಾನ್ಯವಾಗಿ ಬೇಡ. 75 ಜನ ಅಥವಾ ಅದಕ್ಕಿಂತ ಜಾಸ್ತಿ ಸೇರಿದರೆ ದುಡ್ಡಿನ ವ್ಯವಹಾರ ಇಲ್ಲದಿದ್ದರೂ ಪರ್ಮಿಟ್ ಬೇಕು. ಯಾರಿಂದಲಾದರೂ ಶುಲ್ಕ ತೆಗೆದುಕೊಂಡು ಕರೆದುಕೊಂಡು ಹೋದರೆ ಇಬ್ಬರೇ ಇದ್ದರೂ ಅದು ವ್ಯಾಪಾರ, ಅದಕ್ಕೆ ಬೇರೆಯೇ ಪರ್ಮಿಟ್. ಮಗಳ ರೈಡಿಂಗ್ ಟೀಚರ್ ‘ನಾನೇ ಕರ್ಕೊಂಡು ಹೋಗ್ತೀನಿ, ತಲೆಗೆ ಇಷ್ಟು ಕೊಡಿ’ ಅಂದರೆ ಮೊದಲು ಅವರ ಪರ್ಮಿಟ್ ನೋಡಿ. ಕೆಲವು ವೈಲ್ಡರ್‌ನೆಸ್‌ಗಳಿಗೆ ರಾತ್ರಿ ಉಳಿಯಲು ಪರ್ಮಿಟ್ ಬೇಕೇ ಬೇಕು. ನಿಮ್ಮ ಮನೆಗೆ ಹತ್ತಿರದ ಇಂಡಿಯನ್ ಪೀಕ್ಸ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರ ವರೆಗೆ ಹಾಗಿದೆ.

ವೈಲ್ಡರ್‌ನೆಸ್ ಅಂದರೆ ಏನು ಅಂತ ಎರಡು ಮಾತು. 1964ರ ವೈಲ್ಡರ್‌ನೆಸ್ ಕಾಯ್ದೆ ನ್ಯಾಷನಲ್ ಫಾರೆಸ್ಟ್ ಒಳಗಿನ ಕೆಲವು ಭಾಗಗಳನ್ನು ಯಂತ್ರಗಳಿಂದ ದೂರ ಇಟ್ಟಿದೆ. ವೆಮಿನೂಚ್ ಅಂಥದ್ದು, ಸುಮಾರು 5 ಲಕ್ಷ ಎಕರೆ, ಕೊಲರಾಡೋದಲ್ಲೇ ದೊಡ್ಡದು. ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ, ಚೈನ್‌ಸಾ ಇಲ್ಲ. ಗಾಲಿಕುರ್ಚಿ ಬಿಟ್ಟರೆ ಚಕ್ರ ಇರುವ ಯಾವುದೂ ಇಲ್ಲ ಅಂದುಕೊಳ್ಳಿ. ಕುದುರೆಗೆ ಪ್ರವೇಶ ಇದೆ, ಕುದುರೆ ಗಾಡಿಗೆ ಇಲ್ಲ. ದಾರಿಗೆ ಮರ ಬಿದ್ದಿದ್ದರೆ ಕೈಗರಗಸದಲ್ಲೇ ಕೊಯ್ಯಬೇಕು. ಚಿಕ್ಕ ಮಡಚುವ ಗರಗಸವೊಂದನ್ನು ಜೀನಿನ ಚೀಲದಲ್ಲಿ ಇಟ್ಟುಕೊಳ್ಳಿ, ಸುತ್ತಿ ಬಳಸಿ ಹೊಸ ದಾರಿ ಮಾಡುವುದಕ್ಕಿಂತ ಅದು ಒಳ್ಳೆಯದು.

ವೈಲ್ಡರ್‌ನೆಸ್ ಒಳಗೆ ತಲೆ ಲೆಕ್ಕ ಇದೆ. ಇಲ್ಲಿಯ ಕುದುರೆ ಜನ ಅದನ್ನು ‘ಹಾರ್ಟ್‌ಬೀಟ್ಸ್’ ಅನ್ನುತ್ತಾರೆ. ಬಡಿಯುವ ಎದೆ ಎಷ್ಟು ಅಂತ ಎಣಿಸುವುದು, ಮನುಷ್ಯರದೂ ಕುದುರೆಯದೂ ಸೇರಿ. ವೆಮಿನೂಚ್‌ನಲ್ಲಿ ಒಂದು ಗುಂಪಿಗೆ 15 ಜನ, ಜನ ಮತ್ತು ಪ್ರಾಣಿ ಸೇರಿ 25. ನೀವು ಎಂಟು ಮತ್ತು ನಾಲ್ಕು, ಹನ್ನೆರಡು. ಆರಾಮಾಗಿ ಒಳಗಿದ್ದೀರಿ. ಆದರೆ ಇದೇ ಗುಂಪು ಆರೆಗಾನ್, ವಾಷಿಂಗ್ಟನ್ ಕಡೆ ಹೋದರೆ ಅಲ್ಲಿನ ಎಷ್ಟೋ ವೈಲ್ಡರ್‌ನೆಸ್‌ಗಳಲ್ಲಿ ಒಟ್ಟು ಮಿತಿಯೇ 12. ಅಜ್ಜಿ ತಾತ ಜೊತೆಗೆ ಬಂದರೆ ಮಿತಿ ದಾಟಿತು. ಮೊಂಟಾನಾದ ಬಾಬ್ ಮಾರ್ಷಲ್‌ನಲ್ಲಿ 15 ಜನ, 35 ಪ್ರಾಣಿ. ದೊಡ್ಡ ಗುಂಪಿನವರು ಎರಡಾಗಿ ಒಡೆದು, ಸಂಜೆ ಒಂದೇ ಕ್ಯಾಂಪಿನಲ್ಲಿ ಸೇರಿಕೊಳ್ಳುವುದು ನೋಡಿದ್ದೇನೆ. ಅದು ನಿಯಮ ಮುರಿದ ಹಾಗೇ. ಲೆಕ್ಕ ಹಗಲು ಸವಾರಿಗೂ ಅನ್ವಯಿಸುತ್ತದೆ.

ಈಗ ಮೇವು. ಹೊಸಬರು ಎಡವುವುದು ಇಲ್ಲೇ ಜಾಸ್ತಿ. ಕೊಲರಾಡೋದ ಯಾವ ನ್ಯಾಷನಲ್ ಫಾರೆಸ್ಟಿಗೆ ಹೋದರೂ ಕಳೆ ಇಲ್ಲದ್ದು ಅಂತ ಪ್ರಮಾಣಪತ್ರ ಇರುವ ಒಣಹುಲ್ಲನ್ನೇ ಒಯ್ಯಬೇಕು. ಟ್ರೇಲರ್ ಒಳಗೆ ಹಾಸುವ ಹುಲ್ಲಿಗೂ ಇದು ಅನ್ವಯಿಸುತ್ತದೆ. ಹೊಲದಲ್ಲಿ ಬೆಳೆ ನಿಂತಿರುವಾಗಲೇ ಇನ್‌ಸ್ಪೆಕ್ಟರ್ ಬಂದು ನಡೆದು ನೋಡಿ ಪಾಸ್ ಮಾಡಿದ ಹುಲ್ಲು ಅದು. ಬೇಲ್‌ಗೆ, ಅಂದರೆ ಒಣಹುಲ್ಲಿನ ಪಿಂಡಿಗೆ, ಕಟ್ಟಿದ ದಾರ ನೇರಳೆ ಮತ್ತು ಹಳದಿ ಹೆಣಿಗೆ ಇದ್ದರೆ ದೂರದಿಂದಲೇ ಗೊತ್ತಾಗುತ್ತದೆ. ದಾರದ ಬದಲು ಟ್ಯಾಗ್ ಅಥವಾ ಕಾಗದ ಕೊಟ್ಟಿದ್ದರೆ ಅದನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ, ರೇಂಜರ್ ಕೇಳಿದಾಗ ತೋರಿಸಬೇಕು. ದಾರ ಬಿಚ್ಚಿದ ಮೇಲೂ ಎಸೆಯಬೇಡಿ. ಪೆಲೆಟ್ ಮಾಡಿದ ಮೇವಿಗೆ ಸಾಮಾನ್ಯವಾಗಿ ತಕರಾರಿಲ್ಲ, ಅರೆದು ಬಿಸಿ ಮಾಡಿದ್ದರಲ್ಲಿ ಬೀಜ ಬದುಕಿ ಉಳಿಯುವುದು ಕಷ್ಟ. ಅದರ ಚೀಲ ಮಾತ್ರ ಇಟ್ಟುಕೊಳ್ಳಿ.

ಒಂದು ಕಳೆ ಬೀಜಕ್ಕೆ ಇಷ್ಟೆಲ್ಲ ಗಲಾಟೆ ಯಾಕೆ ಅಂತ ಯಾರಾದರೂ ಕೇಳಿದರೆ, ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ಕಾಂಗ್ರೆಸ್ ಗಿಡ ನೆನಪು ಮಾಡಿ. ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆ ಕಡೆ ಕಂಡಿತು, ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಅಂತ ಜನ ಹೇಳುತ್ತಾರೆ. ಇವತ್ತು ಕರ್ನಾಟಕದಲ್ಲಿ ಅದು ಇಲ್ಲದ ರಸ್ತೆ ಬದಿ ತೋರಿಸಿ ನೋಡೋಣ. ಬಂಡೀಪುರದ ಕಾಡಿನಲ್ಲಿ ಲಂಟಾನ ಹಬ್ಬಿ ಜಿಂಕೆಗೆ ಹುಲ್ಲು ಇಲ್ಲದ ಹಾಗಾಗಿದೆ. ಇಲ್ಲಿ ಅದೇ ಕಥೆ ಸ್ಪಾಟೆಡ್ ನ್ಯಾಪ್‌ವೀಡ್, ಲೀಫಿ ಸ್ಪರ್ಜ್ ಅನ್ನುವ ಗಿಡಗಳದ್ದು. ಯುರೋಪಿನ ಕಡೆಯಿಂದ ಬಂದವು, ಮೊಂಟಾನಾ ಕಡೆ ಗುಡ್ಡಕ್ಕೆ ಗುಡ್ಡವೇ ನುಂಗಿವೆ. ಎಷ್ಟೋ ಬೀಜಗಳು ಕುದುರೆಯ ಹೊಟ್ಟೆಯಲ್ಲಿ ಜೀರ್ಣವಾಗದೆ, ಲದ್ದಿಯ ಜೊತೆ ಗೊಬ್ಬರವನ್ನೂ ಕಟ್ಟಿಕೊಂಡು ಹೊರಗೆ ಬರುತ್ತವೆ. ಅದಕ್ಕೇ ಹೊರಡುವ ಎರಡರಿಂದ ನಾಲ್ಕು ದಿನ ಮೊದಲೇ ಕಳೆಮುಕ್ತ ಹುಲ್ಲು ಕೊಡಲು ಶುರು ಮಾಡಬೇಕು, ಹಳೆಯದೆಲ್ಲ ಮನೆಯಲ್ಲೇ ಹೊರಗೆ ಹೋಗಲಿ. ಮೈ ಉಜ್ಜಿ, ಬಾಲ ಬಾಚಿ, ಗೊರಸಿನ ಸಂದಿ ಕೆರೆದು, ಟ್ರೇಲರ್ ಗುಡಿಸಿ ಹೊರಡಿ. ಹೊಸ ಹುಲ್ಲಿಗೆ ಹೊಟ್ಟೆ ಹೊಂದಿಕೊಳ್ಳಲೂ ಸಮಯ ಬೇಕು, ಇಲ್ಲದಿದ್ದರೆ ಕಾಡಿನಲ್ಲಿ ಹೊಟ್ಟೆನೋವು ಬಂದರೆ ಡಾಕ್ಟರ್ ಸಿಗುವುದಿಲ್ಲ.

ಎಷ್ಟು ಒಯ್ಯಬೇಕು? ಒಂದು ಕುದುರೆಗೆ ದಿನಕ್ಕೆ ಸುಮಾರು 9 ಕೆಜಿ. ನಾಲ್ಕು ಕುದುರೆ, ಐದು ದಿನ, 180 ಕೆಜಿ. 50 ಪೌಂಡಿನ ಬೇಲ್ ಆದರೆ ಎಂಟು. ನಾನಾಗಿದ್ದರೆ ಒಂಬತ್ತು ಒಯ್ಯುತ್ತೇನೆ. ಹೊಟ್ಟೆ ತುಂಬಿದ ಕುದುರೆ ನೆಲ ಕೆರೆಯುವುದಿಲ್ಲ.

ಇನ್ನು ಹಗ್ಗದ ಮಾತು. ಮರಕ್ಕೆ ಕಟ್ಟಬಹುದಾ ಅಂದಿರಲ್ಲ? ಸಾಮಾನು ಇಳಿಸುವಾಗ, ಜೀನು ಹಾಕುವಾಗ ಒಂದು ಗಟ್ಟಿ ಮರಕ್ಕೆ ಐದು ಹತ್ತು ನಿಮಿಷ ಕಟ್ಟಿದರೆ ಹೆಚ್ಚಿನ ಕಡೆ ಒಪ್ಪುತ್ತಾರೆ. ರಾತ್ರಿ ಕಟ್ಟುವ ಹಾಗಿಲ್ಲ. ರಾತ್ರಿಗೆ ಹೈಲೈನ್ ಹಾಕಬೇಕು. ಎರಡು ಮರದ ನಡುವೆ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು, ಅದರಿಂದ ಕುದುರೆಗಳನ್ನು ಇಳಿಬಿಟ್ಟು ಕಟ್ಟುವುದು. ಕುದುರೆ ಮರದ ಬುಡದಿಂದ ದೂರ ಉಳಿಯುತ್ತದೆ, ಆಚೆ ಈಚೆ ತಿರುಗಾಡಬಹುದು, ಮಲಗಲೂಬಹುದು.

ಮಾಡುವ ಬಗೆ ಹೀಗೆ. ಮೊದಲು ಜಾಗ. ನೀರು, ದಾರಿ, ಟೆಂಟು, ಈ ಮೂರರಿಂದಲೂ 200 ಅಡಿ ದೂರ, ಅಂದರೆ ದೊಡ್ಡವರ ಎಪ್ಪತ್ತು ಹೆಜ್ಜೆ. ಕೆಲವು ಕಾಡಿನಲ್ಲಿ 100 ಅಡಿ ಸಾಕು ಅಂತ ಇದೆ, ನೀವು 200 ರೂಢಿ ಮಾಡಿಕೊಂಡರೆ ಎಲ್ಲ ಕಡೆಯೂ ನಡೆಯುತ್ತದೆ. ಹಸಿರು ಹುಲ್ಲಿನ ಮೆತ್ತನೆ ಜಾಗ ನೋಡಿ ಆಸೆ ಪಡಬೇಡಿ. ಗಟ್ಟಿ ನೆಲ, ಕಲ್ಲು ಮಿಶ್ರ ಮಣ್ಣು, ಸೂಜಿಎಲೆ ಉದುರಿದ ಒಣ ಏರು ಒಳ್ಳೆಯದು. ಮೊದಲೇ ಯಾರೋ ಕಟ್ಟಿ ಸವೆದ ಜಾಗ ಇದ್ದರೆ ಅದನ್ನೇ ಬಳಸಿ. ಆಮೇಲೆ ಮರ. ಎಂಟು ಇಂಚಿಗಿಂತ ದಪ್ಪ ಇರಬೇಕು, ಜೀವಂತ ಇರಬೇಕು. ತಲೆ ಎತ್ತಿ ನೋಡಿ. ಸಾನ್ ಹುವಾನ್, ರಿಯೋ ಗ್ರಾಂಡೆ ಕಡೆ ಸ್ಪ್ರೂಸ್ ದುಂಬಿ ಹಿಡಿದು ಮರಗಳು ನಿಂತಲ್ಲೇ ಸತ್ತಿವೆ, ಬೂದು ಬಣ್ಣದ ಅಸ್ಥಿಪಂಜರದ ಹಾಗೆ. ಗಾಳಿಗೆ ಯಾವಾಗ ಬೀಳುತ್ತವೋ ಹೇಳಲಾಗದು. ಅಂಥ ಮರದ ಕೆಳಗೆ ಕುದುರೆಯನ್ನೂ ಕಟ್ಟಬೇಡಿ, ಟೆಂಟನ್ನೂ ಹಾಕಬೇಡಿ.

ಮರಕ್ಕೆ ನೇರವಾಗಿ ಹಗ್ಗ ಸುತ್ತಬಾರದು. ಎರಡು ಮೂರು ಇಂಚು ಅಗಲದ ಪಟ್ಟಿ ಸಿಗುತ್ತದೆ, ಟ್ರೀ ಸೇವರ್ ಅನ್ನುತ್ತಾರೆ. ಟ್ರಕ್ಕಿನಲ್ಲಿ ಸಾಮಾನು ಬಿಗಿಯುವ ಅಗಲ ನೈಲಾನ್ ಪಟ್ಟಿ, ಹಳೇ ಜೀನಿನ ಹೊಟ್ಟೆಪಟ್ಟಿ ಕೂಡ ಆದೀತು. ಏಳು ಅಡಿ ಎತ್ತರದಲ್ಲಿ ಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಕಟ್ಟಿ, ಇನ್ನೊಂದು ಮರದ ಪಟ್ಟಿಗೆ ಎಳೆದು ಬಿಗಿಯಿರಿ. ಇಬ್ಬರು ಸೇರಿ ಎಳೆಯಿರಿ. ಎಷ್ಟು ಬಿಗಿದರೂ ಕುದುರೆ ಕಟ್ಟಿ ಅರ್ಧ ಗಂಟೆಗೆ ಹಗ್ಗ ಇಳಿಯುತ್ತದೆ, ಮತ್ತೆ ಬಿಗಿಯಬೇಕು. ಹಗ್ಗದ ಮೇಲೆ ಕುದುರೆಗೊಂದು ಜಾರದ ಗಂಟು, ಇಲ್ಲವೇ ಲೋಹದ ಬಳೆ. ಇಲ್ಲದಿದ್ದರೆ ಎಲ್ಲವೂ ಇಳಿಜಾರಿನ ತುದಿಗೆ ಸರಿದು ಒಂದಕ್ಕೊಂದು ಒದೆಯುತ್ತವೆ. ಕೊನೆಯ ಕುದುರೆ ಮರದಿಂದ ಎಂಟು ಅಡಿಯಾದರೂ ದೂರ ಇರಲಿ, ಬೇರಿನ ಮೇಲೆ ಗೊರಸು ಬೀಳಬಾರದು.

ಕುದುರೆಯಿಂದ ಮೇಲಿನ ಹಗ್ಗಕ್ಕೆ ಹೋಗುವ ಹಗ್ಗದ ಉದ್ದ ತುಂಬಾ ಮುಖ್ಯ. ನೆಲದ ಮೇಲಿನ ಹುಲ್ಲಿಗೆ ಮೂತಿ ಮುಟ್ಟಬೇಕು, ಅಷ್ಟೇ. ಒಂದು ಗೇಣು ಜಾಸ್ತಿಯಾದರೂ ಮುಂಗಾಲು ಅದರ ಮೇಲೆ ಹೋಗುತ್ತದೆ, ಕತ್ತಲಲ್ಲಿ ಸಿಕ್ಕಿಕೊಂಡ ಕುದುರೆ ಗಾಬರಿಯಲ್ಲಿ ತನ್ನ ಕಾಲನ್ನೇ ಮುರಿದುಕೊಳ್ಳುತ್ತದೆ. ಎಳೆದರೆ ಬಿಚ್ಚುವ ಗಂಟು ಹಾಕಿ, ಜೇಬಿನಲ್ಲಿ ಚಾಕು ಇರಲಿ. ಯಾವಾಗಲೂ ಜಗಳವಾಡುವ ಎರಡನ್ನು ಪಕ್ಕಪಕ್ಕ ಕಟ್ಟಬೇಡಿ, ಸ್ನೇಹಿತರನ್ನು ದೂರ ಮಾಡಬೇಡಿ. ಇಷ್ಟಾದ ಮೇಲೂ ಒಂದು ಕುದುರೆ ರಾತ್ರಿಯಿಡೀ ಕೆರೆಯುತ್ತಿದ್ದರೆ ಅದರ ಜಾಗ ಬದಲಾಯಿಸಿ, ಇಲ್ಲವೇ ಹಾಬಲ್ ಹಾಕಿ, ಅಂದರೆ ಎರಡೂ ಮುಂಗಾಲನ್ನು ಜೋಡಿಸಿ ಕಟ್ಟುವ ಪಟ್ಟಿ. ಟ್ರೇಲರ್ ಪಕ್ಕದಲ್ಲೇ ಉಳಿಯುವವರಾದ್ದರಿಂದ ಟ್ರೇಲರ್‌ಗೆ ಕಟ್ಟಬಹುದು ಅಂತಲೂ ಯೋಚನೆ ಬರುತ್ತದೆ. ಕಟ್ಟಬಹುದು, ಆದರೆ ನಾಲ್ಕು ರಾತ್ರಿ ಗಿಡ್ಡ ಹಗ್ಗದಲ್ಲಿ ನಿಂತ ಕುದುರೆಗೆ ಮಲಗಲಾಗುವುದಿಲ್ಲ. ಪಾಪ, ಹಗಲು ಬೆಟ್ಟ ಹತ್ತುವುದು ಅದೇ.

ಮೇಯಿಸಬಹುದಾ ಅನ್ನುವುದಕ್ಕೆ ಉತ್ತರ: ಆದೇಶದಲ್ಲಿ ನಿಷೇಧ ಇಲ್ಲದ ಕಡೆ ಸ್ವಲ್ಪ ಹೊತ್ತು ಮೇಯಿಸಬಹುದು. ಆದರೆ ಜುಲೈ ಮೊದಲ ವಾರದಲ್ಲಿ ಎತ್ತರದ ಹುಲ್ಲುಗಾವಲುಗಳಲ್ಲಿ ಹಿಮ ಕರಗಿ ನೆಲ ಇನ್ನೂ ಸ್ಪಂಜಿನ ಹಾಗೆ ಇರುತ್ತದೆ. ಹುಲ್ಲು ಸಣ್ಣದು, ಬೇರು ಎಳೆಯದು. ಆಗ ಗೊರಸು ಇಳಿದರೆ ಆ ಗುಂಡಿ ಮುಂದಿನ ವರ್ಷಕ್ಕೂ ಇರುತ್ತದೆ. ನೆಲ ಗಟ್ಟಿಯಾಗಿದೆಯಾ ಅಂತ ಫೋನಿನಲ್ಲೇ ಕೇಳಿ. ಮೇಯಿಸುವ ಬಗೆ ಮೂರು: ಊರಲ್ಲಿ ತುಡುಗು ದನಕ್ಕೆ ಮುಂಗಾಲು ಕಟ್ಟಿ ಬಿಡುತ್ತಿದ್ದರಲ್ಲ, ಹಾಗೆ ಹಾಬಲ್ ಹಾಕಿ ಬಿಡುವುದು, ಗೂಟ ಹೊಡೆದು ಉದ್ದ ಹಗ್ಗದಲ್ಲಿ ಕಟ್ಟುವುದು, ಬ್ಯಾಟರಿಯಿಂದ ನಡೆಯುವ ಸಣ್ಣ ಕರೆಂಟ್ ಬೇಲಿ. ಗೂಟ ಆದರೆ ಹುಲ್ಲು ಅರ್ಧ ಉಳಿದಿರುವಾಗಲೇ ಕಿತ್ತು ಬೇರೆ ಕಡೆ ನೆಡಬೇಕು. ಹಾಬಲ್ ಹಾಕಿದ ಕುದುರೆ ಓಡುವುದಿಲ್ಲ ಅಂದುಕೊಳ್ಳಬೇಡಿ, ಕಲಿತ ಕುದುರೆ ಎರಡೂ ಮುಂಗಾಲು ಒಟ್ಟಿಗೆ ಎತ್ತಿ ಮೊಲದ ಹಾಗೆ ಜಿಗಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ, ಒಂದಾದರೂ ಹಗ್ಗದಲ್ಲಿರಲಿ. ಆಗ ಉಳಿದವು ಅದನ್ನು ಬಿಟ್ಟು ದೂರ ಹೋಗುವುದಿಲ್ಲ.

ನೀರು ಕುಡಿಸುವಾಗ ಕಲ್ಲಿರುವ ದಂಡೆ ಹುಡುಕಿ, ನೀವು ನೀರು ತುಂಬಿಸುವ ಜಾಗಕ್ಕಿಂತ ಕೆಳಗೆ ಇರಲಿ. ಮೆತ್ತನೆ ದಂಡೆ ಆದರೆ ಬಕೆಟ್‌ನಲ್ಲಿ ತಂದು ಕೊಡಿ. ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ಬೇಕು, ಮಡಚುವ ಬಕೆಟ್ ಎರಡು ಒಯ್ಯಿರಿ. ಎಪ್ಪತ್ತು ಹೆಜ್ಜೆ ದೂರ ಅಂದರೆ ಏನು ಅಂತ ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಲದ್ದಿಯ ಲೆಕ್ಕ ಹೇಳಿಬಿಡುತ್ತೇನೆ. ಒಂದು ಕುದುರೆ ದಿನಕ್ಕೆ 20 ಕೆಜಿಗೂ ಜಾಸ್ತಿ ಹಾಕುತ್ತದೆ. ನಾಲ್ಕು ಕುದುರೆ, ನಾಲ್ಕು ದಿನ, 300 ಕೆಜಿ ದಾಟಿತು. ಟ್ರೇಲ್‌ಹೆಡ್ ಮತ್ತು ಕುದುರೆ ಕ್ಯಾಂಪ್‌ಗಳಲ್ಲಿ ಅದನ್ನು ಎತ್ತಿ ಅವರು ಇಟ್ಟ ಗುಂಡಿಗೆ ಹಾಕಬೇಕು, ಇಲ್ಲವೇ ಟ್ರೇಲರ್‌ಗೆ ತುಂಬಿ ಮನೆಗೆ ತರಬೇಕು. ಟ್ರೇಲರ್ ಒಳಗಿನದನ್ನು ಪಾರ್ಕಿಂಗ್ ಜಾಗದಲ್ಲಿ ಗುಡಿಸಿ ಹೋಗುವವರಿಂದಲೇ ಎಷ್ಟೋ ಕಡೆ ಕುದುರೆಗೆ ಬಾಗಿಲು ಮುಚ್ಚಿದೆ. ಬಯಲು ಕ್ಯಾಂಪಿನಲ್ಲಿ ಹೈಲೈನ್ ಕೆಳಗಿನದನ್ನು ದಿನಾ ಕುಂಟೆಯಲ್ಲಿ ಎಳೆದು, ಒಡೆದು, ಬಿಸಿಲು ಬೀಳುವ ಕಡೆ ತೆಳ್ಳಗೆ ಹರಡಿ. ನೀರಿನಿಂದ ದೂರ. ರಾಶಿ ಬಿಟ್ಟರೆ ನೊಣ ಕೂರುತ್ತದೆ, ಕೆಳಗಿನ ಹುಲ್ಲು ಸಾಯುತ್ತದೆ. ಕೊನೆಯ ದಿನ ಕೆರೆದ ಗುಂಡಿ ಮುಚ್ಚಿ, ಉದುರಿದ ಸೂಜಿಎಲೆ ಮತ್ತೆ ಹರಡಿ, ಚೆಲ್ಲಿದ ಮೇವು ಆರಿಸಿಕೊಳ್ಳಿ.

ಕರಡಿ ಇರುವ ಕಾಡುಗಳಲ್ಲಿ ಊಟ ಬಚ್ಚಿಡುವ ಆದೇಶ ಇರುತ್ತದೆ. ಅದರಲ್ಲಿ ಕುದುರೆಯ ದಾಣಿ, ಸಿಹಿ ಹಾಕಿದ ಪೆಲೆಟ್ಟೂ ಸೇರುತ್ತದೆ. ಏನೂ ಬೆರೆಸದ ಒಣಹುಲ್ಲಿಗೆ ಸಾಮಾನ್ಯವಾಗಿ ವಿನಾಯಿತಿ. ಗಾಡಿಯೊಳಗೆ ಗಾಜು ಏರಿಸಿ ಇಡಿ, ಇಲ್ಲವೇ ನೆಲದಿಂದ 10 ಅಡಿ ಮೇಲೆ, ಮರದಿಂದ 4 ಅಡಿ ಆಚೆಗೆ ತೂಗುಹಾಕಿ. ಬೆಂಕಿಯ ನಿರ್ಬಂಧ ಜುಲೈನಲ್ಲಿ ದಿನದಿಂದ ದಿನಕ್ಕೆ ಬದಲಾಗುತ್ತದೆ, ಗ್ಯಾಸ್ ಸ್ಟವ್ ಇರಲಿ, ಸೌದೆಯನ್ನು ನಂಬಿಕೊಳ್ಳಬೇಡಿ. ಮಧ್ಯಾಹ್ನದ ಗುಡುಗು ಮಳೆ ಸಾನ್ ಹುವಾನ್‌ನಲ್ಲಿ ಜುಲೈನಲ್ಲಿ ಸರ್ವೇಸಾಮಾನ್ಯ. ಬೆಳಿಗ್ಗೆ ಬೇಗ ಹೊರಟು, ಹನ್ನೆರಡರ ಹೊತ್ತಿಗೆ ಬೋಳು ಬೆಟ್ಟದಿಂದ ಕೆಳಗಿಳಿದಿರಬೇಕು.

ನೀವು ಕೇಳದ, ಆದರೆ ನಿಮಗೆ ಅಗತ್ಯ ಬೇಕಾದ ಒಂದು ಕಾಗದ ಇದೆ. ಕೊಲರಾಡೋದಲ್ಲಿ ಕುದುರೆಯನ್ನು 75 ಮೈಲಿಗಿಂತ ದೂರ ಸಾಗಿಸಿದರೆ ಬ್ರ್ಯಾಂಡ್ ಇನ್‌ಸ್ಪೆಕ್ಷನ್, ಅಂದರೆ ಮೈಮೇಲಿನ ಮುದ್ರೆ ನೋಡಿ ಕುದುರೆ ಯಾರದ್ದು ಅಂತ ಖಚಿತ ಮಾಡುವ ತಪಾಸಣೆ, ಆಗಿರಬೇಕು, ಮುದ್ರೆ ಹಾಕದ ಕುದುರೆಗೂ. ದನ ಕುದುರೆ ಕಳವಾಗುತ್ತಿದ್ದ ಕಾಲದ ಕಾನೂನು, ಈಗಲೂ ಜಾರಿಯಲ್ಲಿದೆ. ಡೆನ್ವರ್‌ನಿಂದ ಸಾನ್ ಹುವಾನ್ ಅದಕ್ಕಿಂತ ಎಷ್ಟೋ ದೂರ. ಪ್ರತಿ ಸಲ ಇನ್‌ಸ್ಪೆಕ್ಟರನ್ನು ಕರೆಸುವ ಬದಲು ಕುದುರೆ ನಿಮ್ಮ ಬಳಿ ಇರುವ ವರೆಗೂ ನಡೆಯುವ ಶಾಶ್ವತ ಕಾರ್ಡ್ ಮಾಡಿಸಿಕೊಳ್ಳಿ. ಇನ್ನೊಂದು ಕುಟುಂಬದ ಕುದುರೆಗಳಿಗೂ ಇದೆಯಾ ಅಂತ ಈಗಲೇ ಕೇಳಿ. ಮುಂದೆ ರಾಜ್ಯದ ಗಡಿ ದಾಟುವುದಾದರೆ ಪಶುವೈದ್ಯರ ಆರೋಗ್ಯ ಪತ್ರ, ಅದು ಸಾಮಾನ್ಯವಾಗಿ 30 ದಿನಕ್ಕೆ. ಜೊತೆಗೆ ಕಾಗಿನ್ಸ್ ಅನ್ನುವ ರಕ್ತಪರೀಕ್ಷೆಯ ವರದಿ, ಹೆಚ್ಚಿನ ರಾಜ್ಯಗಳಲ್ಲಿ ಒಂದು ವರ್ಷದೊಳಗಿನದು. ಕುದುರೆ ನೊಣಗಳು ಒಂದರಿಂದ ಒಂದಕ್ಕೆ ಹರಡುವ ಒಂದು ರಕ್ತದ ಕಾಯಿಲೆ ಇದೆ, ಔಷಧಿಯೇ ಇಲ್ಲದ್ದು. ಅದು ಇಲ್ಲ ಅಂತ ತೋರಿಸುವ ಪರೀಕ್ಷೆ ಅದು.

ದಾರಿಯಲ್ಲಿ ನಡೆದು ಹೋಗುವವರೂ ಸೈಕಲ್‌ನವರೂ ಕುದುರೆಗೆ ದಾರಿ ಬಿಡಬೇಕು ಅನ್ನುವುದು ಇಲ್ಲಿನ ರೂಢಿ. ಆದರೂ ನೀವೇ ಮೊದಲು ಮಾತಾಡಿಸಿ. ದೊಡ್ಡ ಬ್ಯಾಗ್ ಹೊತ್ತು ಸುಮ್ನೆ ನಿಂತ ಮನುಷ್ಯ ಕುದುರೆ ಕಣ್ಣಿಗೆ ಯಾವುದೋ ಪ್ರಾಣಿ. ದನಿ ಕೇಳಿದರೆ ಮನುಷ್ಯ ಅಂತ ಗೊತ್ತಾಗುತ್ತದೆ. ಇಳಿಜಾರಿನ ಕಡೆ ನಿಲ್ಲಲು ಅವರಿಗೆ ಹೇಳಿ, ಬೆದರಿದರೆ ಕುದುರೆ ಮೇಲಕ್ಕೆ ಓಡಲಿ. ಕುರಿಮಂದೆ ಕಂಡರೆ ದೂರದಿಂದ ಬಳಸಿ ಹೋಗಿ. ಅವುಗಳ ಜೊತೆ ದೊಡ್ಡ ಬಿಳಿ ಕಾವಲು ನಾಯಿಗಳಿರುತ್ತವೆ, ಕುರಿ ಕಾಯುವುದೇ ಅವುಗಳ ಕೆಲಸ.

ಇನ್ನು ಸಾಮಾನು ಕಟ್ಟುವುದು, ಹಾಬಲ್ ಹಾಕುವುದು ಕೈಹಿಡಿದು ಕಲಿಸುವವರು ಬೇಕಾದರೆ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಅನ್ನುವ ಸಂಘಟನೆ ಇದೆ. 1973ರಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಕೆಲವು ಕುದುರೆ ಜನ ಸೇರಿ ಶುರು ಮಾಡಿದ್ದು, ಈಗ ಕೊಲರಾಡೋದಲ್ಲೂ ಶಾಖೆಗಳಿವೆ. ಮಗಳನ್ನು ಅವರ ಒಂದು ದಾರಿ ರಿಪೇರಿ ದಿನಕ್ಕೆ ಕರೆದುಕೊಂಡು ಹೋಗಿ.

ಹೊರಡುವ ಎರಡು ವಾರ ಮೊದಲು ನಾಲ್ಕೂ ಕುದುರೆಗಳನ್ನು ಒಂದೇ ಕಡೆ ತಂದು, ಅವುಗಳನ್ನು ಇಟ್ಟಿರುವ ಜಾಗದಲ್ಲೇ ಒಂದು ರಾತ್ರಿ ಹೈಲೈನ್ ಹಾಕಿ ಕಟ್ಟಿ ನೋಡಿ. ಕುರ್ಚಿ ಹಾಕಿಕೊಂಡು ಹನ್ನೊಂದು ಗಂಟೆಯ ವರೆಗೆ ಕೂತಿರಿ, ಯಾವುದು ಯಾವುದನ್ನು ಒದೆಯುತ್ತದೆ ಅಂತ ಗೊತ್ತಾಗುತ್ತದೆ. ಬೆಳಿಗ್ಗೆ ಮಗಳ ಕೈಯಲ್ಲಿ ಟೇಪ್ ಕೊಡಿ. ಹಗ್ಗ ಎಷ್ಟು ಇಂಚು ಇಳಿದಿದೆ, ಯಾವ ಕುದುರೆಯ ಕೆಳಗೆ ಎಷ್ಟು ಆಳ ಕೆರೆದಿದೆ ಅಂತ ಅವಳೇ ಅಳೆದು ಬರೆದುಕೊಳ್ಳಲಿ. ಜಾಸ್ತಿ ಕೆರೆದದ್ದನ್ನು ಕಾಡಿನಲ್ಲಿ ಅದರ ಸ್ನೇಹಿತನ ಪಕ್ಕ, ಹಗ್ಗದ ನಡುವೆ ಕಟ್ಟಿ.